ಹಳೆಯ ದೋಣಿ ಕೊಂಡರೆ ಕಂಪನಿಯ ವಾರಂಟಿಯೂ ನಮ್ಮದಾಗುತ್ತದೆಯೇ?

ಪ್ರಶ್ನೆ: ನಾವು ಮೈಸೂರಿನವರು. ಕೃಷ್ಣರಾಜಸಾಗರದ ಹಿನ್ನೀರಿನ ಅಂಚಿನಲ್ಲಿ, ಸಾಗರಕಟ್ಟೆಯ ಕಡೆ, ನಮ್ಮದೊಂದು ತೋಟವಿದೆ. ಅಲ್ಲಿ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಅತಿಥಿಗಳಿಗಾಗಿ ದೋಣಿಯೊಂದನ್ನು ಹುಡುಕುತ್ತಿದ್ದಾಗ ಉಡುಪಿ ಕಡೆಯ ಒಬ್ಬರು ಸಿಕ್ಕಿದರು. ಹದಿನೆಂಟು ಅಡಿಯ ಫೈಬರ್ ದೋಣಿ, ಅದಕ್ಕೆ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವಂಥದ್ದು. ಬಿಲ್ಲಿಗೆ ಇಪ್ಪತ್ತು ತಿಂಗಳಾಗಿದೆ. ಅದು ಅವರ ಭಾವನ ರೆಸಾರ್ಟ್ ಹೆಸರಿನಲ್ಲಿದೆ. ‘ಕಂಪನಿ ವಾರಂಟಿ ಮೂರು ವರ್ಷ. ಇನ್ನೂ ಹದಿನಾರು ತಿಂಗಳು ಬಾಕಿ ಇದೆ. ದೋಣಿಯ ಜೊತೆಗೆ ಅದೂ ತಾನಾಗಿಯೇ ನಿಮ್ಮದಾಗುತ್ತದೆ’ ಎಂದು ಹೇಳುತ್ತಾರೆ. ಆ ಕಾರಣಕ್ಕೇ ಎಪ್ಪತ್ತು ಸಾವಿರ ರೂಪಾಯಿ ಹೆಚ್ಚು ಕೇಳುತ್ತಿದ್ದಾರೆ. ಈ ವಾರವೇ ಮುಂಗಡ ಕೊಡಬೇಕಂತೆ. ಕೊಡಬಹುದೇ?

ಉತ್ತರ: ಈ ವಾರ ಮುಂಗಡ ಕೊಡಬೇಡಿ. ದೋಣಿ ಕೆಟ್ಟದ್ದೆಂದೋ ಮಾರುವವರು ಮೋಸಗಾರರೆಂದೋ ನಾನು ಹೇಳುತ್ತಿಲ್ಲ. ಆದರೆ ಅವರು ಎಪ್ಪತ್ತು ಸಾವಿರಕ್ಕೆ ಮಾರಲು ಹೊರಟಿರುವ ವಾರಂಟಿ ಈ ಹೊತ್ತಿಗೆ ಬದುಕಿಯೇ ಇಲ್ಲದಿರಬಹುದು. ಹಾಗೆ ಅನುಮಾನ ಹುಟ್ಟಲು ನಿಮ್ಮ ಪತ್ರದ ಮೂರು ಪದಗಳೇ ಸಾಕು: ಬಿಲ್ಲು ರೆಸಾರ್ಟ್ ಹೆಸರಿನಲ್ಲಿದೆ.

ಮೊದಲು ‘ತಾನಾಗಿಯೇ’ ಎಂಬ ಮಾತನ್ನು ನೋಡೋಣ. ನಮ್ಮ ಮಂಡ್ಯ, ಮೈಸೂರಿನ ಜನರಿಗೆ ಹಳೆಯ ಟ್ರ್ಯಾಕ್ಟರ್, ಹಳೆಯ ಕಾರು ಕೊಂಡು ಅಭ್ಯಾಸ. ಆರ್‌ಸಿ ಪುಸ್ತಕ ನಮ್ಮ ಹೆಸರಿಗೆ ಬಂದರೆ ಎಲ್ಲವೂ ಬಂದಂತೆ ಎಂದು ಭಾವಿಸುತ್ತೇವೆ. ವಾಹನದ ವಿಮೆಯ ಮಟ್ಟಿಗೆ ಇದು ಬಹುಪಾಲು ನಿಜ. ಮೋಟಾರು ವಾಹನ ಕಾಯ್ದೆಯ 157ನೆಯ ಕಲಮಿನ ಪ್ರಕಾರ ವಾಹನ ಕೈಬದಲಾದಾಗ ಅದರ ವಿಮೆಯೂ ಹೊಸ ಮಾಲೀಕನಿಗೆ ವರ್ಗವಾಯಿತೆಂದೇ ಪರಿಗಣಿಸಲಾಗುತ್ತದೆ; ಅವನು ಹದಿನಾಲ್ಕು ದಿನಗಳೊಳಗೆ ವಿಮಾ ಕಂಪನಿಗೆ ತಿಳಿಸಿ ದಾಖಲೆಯಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ಅಲ್ಲಿ ಕಾನೂನೇ ಕೈಹಿಡಿದು ಹೊಳೆ ದಾಟಿಸುತ್ತದೆ. ತಯಾರಕರ ವಾರಂಟಿಗೆ ಅಂಥ ಕಾನೂನಿನ ಆಸರೆ ಇಲ್ಲ. ಅದು ತಯಾರಕ ಒಬ್ಬ ನಿರ್ದಿಷ್ಟ ಗ್ರಾಹಕನಿಗೆ ಕೊಟ್ಟ ಲಿಖಿತ ಮಾತು. ಆ ಮಾತು ಎರಡನೆಯ ಗ್ರಾಹಕನಿಗೂ ಅನ್ವಯಿಸುತ್ತದೆಯೇ, ಅನ್ವಯಿಸಿದರೆ ಯಾವ ಷರತ್ತಿನ ಮೇಲೆ ಎಂಬುದೆಲ್ಲ ಅದೇ ವಾರಂಟಿ ಪುಸ್ತಿಕೆಯ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಮಾರುವವರ ಬಾಯಿಮಾತಿನಿಂದ ಆ ಷರತ್ತುಗಳಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಇನ್ನೊಂದು ಸಂಗತಿ. ದೋಣಿಗೆ ಒಂದೇ ವಾರಂಟಿ ಇರುವುದಿಲ್ಲ. ಕಾರಿನಲ್ಲಾದರೆ ಎಂಜಿನ್ನು, ಗೇರುಪೆಟ್ಟಿಗೆ, ಬಾಗಿಲು ಎಲ್ಲವೂ ಒಂದೇ ಕಂಪನಿಯ ಹೊಣೆ. ದೋಣಿಯಲ್ಲಿ ಒಡಲನ್ನು ಕಟ್ಟಿದವರು ಬೇರೆ, ಎಂಜಿನ್ ಮಾಡಿದವರು ಬೇರೆ. ಸ್ಟೀರಿಂಗ್, ಬ್ಯಾಟರಿ, ಮೀನು ಹುಡುಕುವ ಉಪಕರಣ ಇವುಗಳ ತಯಾರಕರು ಮತ್ತೆ ಬೇರೆ. ಪ್ರತಿಯೊಬ್ಬರ ಅವಧಿ ಬೇರೆ, ಷರತ್ತು ಬೇರೆ, ವರ್ಗಾವಣೆಯ ನಿಯಮವೂ ಬೇರೆ. ಒಡಲಿನ ರಚನೆಗೆ ದೀರ್ಘ ಅವಧಿಯ ಖಾತರಿ ಕೊಡುವ ತಯಾರಕರು ಇದ್ದಾರೆ. ಆದರೆ ಅವರಲ್ಲಿ ಕೆಲವರು ಅದನ್ನು ಮೊದಲ ಮಾಲೀಕನಿಗೆ ಮಾತ್ರ ಮೀಸಲಿಡುತ್ತಾರೆ, ಮತ್ತೆ ಕೆಲವರು ಎರಡನೆಯವನಿಗೆ ಅವಧಿ ಕಡಿತಗೊಳಿಸಿ ಕೊಡುತ್ತಾರೆ. ಕರಾವಳಿಯ ಸಣ್ಣ ಯಾರ್ಡಿನಲ್ಲಿ ಕಟ್ಟಿದ ದೋಣಿಯಾದರೆ ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲಿನ ಪತ್ರವೇ ಅದರ ವಾರಂಟಿ. ಅದರಲ್ಲಿ ವರ್ಗಾವಣೆಯ ಪ್ರಸ್ತಾಪವೇ ಇರುವುದಿಲ್ಲ. ಹಾಗಾಗಿ ನಿಮ್ಮ ಮಾರಾಟಗಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಯಾವುದರ ವಾರಂಟಿ?’ ಎಂಬುದು. ಅವರು ಹೇಳುವ ಮೂರು ವರ್ಷ ಬಹುಶಃ ಎಂಜಿನ್ನಿನದು. ಇನ್ನು ಮುಂದೆ ನಾನು ಹೇಳುವುದರಲ್ಲಿ ಹೆಚ್ಚಿನದು ಎಂಜಿನ್ನಿನ ಬಗ್ಗೆಯೇ. ದೊಡ್ಡ ಮೊತ್ತ ಇರುವುದೂ ಅದರಲ್ಲಿಯೇ.

ಈಗ ರೆಸಾರ್ಟಿನ ಬಿಲ್ಲಿಗೆ ಬರುತ್ತೇನೆ. ಔಟ್‌ಬೋರ್ಡ್ ಎಂಜಿನ್ ಕಂಪನಿಗಳು ಗ್ರಾಹಕರನ್ನು ಎರಡು ಗುಂಪು ಮಾಡುತ್ತವೆ. ಸ್ವಂತ ಸಂತೋಷಕ್ಕೆ, ಮನೆಮಂದಿಯ ವಿಹಾರಕ್ಕೆ ಬಳಸುವವರು ಒಂದು ಗುಂಪು. ದುಡಿಮೆಗೆ ಬಳಸುವವರು ಇನ್ನೊಂದು. ಜಾಹೀರಾತಿನ ಕಾಗದದಲ್ಲಿ ದಪ್ಪಕ್ಷರದಲ್ಲಿ ಕಾಣುವ ಮೂರು ವರ್ಷ, ಐದು ವರ್ಷ ಎಲ್ಲವೂ ಸಾಮಾನ್ಯವಾಗಿ ಮೊದಲ ಗುಂಪಿಗೆ ಸೇರಿದ ಲೆಕ್ಕ. ದುಡಿಮೆಯ ಬಳಕೆಗೆ ಅನೇಕ ಕಂಪನಿಗಳ ಅವಧಿ ಒಂದೇ ವರ್ಷ. ಇದರಲ್ಲಿ ಅನ್ಯಾಯವೇನೂ ಇಲ್ಲ. ಭಾನುವಾರಕ್ಕೊಮ್ಮೆ ಓಡುವ ಎಂಜಿನ್ನಿಗೂ ದಿನಕ್ಕೆ ಆರು ಗಂಟೆ ಪ್ರವಾಸಿಗರನ್ನು ಹೊತ್ತು ತಿರುಗುವ ಎಂಜಿನ್ನಿಗೂ ಆಯುಷ್ಯ ಒಂದೇ ಇರಲು ಸಾಧ್ಯವಿಲ್ಲ.

ದುಡಿಮೆ ಎಂದರೆ ಯಾವುದು ಎಂಬುದರಲ್ಲಿ ಕಂಪನಿಗಳು ಬಹಳ ಬಿಗಿ. ಮರ್ಕ್ಯುರಿ ಕಂಪನಿಯ ಪ್ರಕಟಿತ ಷರತ್ತನ್ನೇ ತೆಗೆದುಕೊಳ್ಳಿ: ಕೆಲಸಕ್ಕೆ ಅಥವಾ ಉದ್ಯೋಗಕ್ಕೆ ಸಂಬಂಧಿಸಿದ ಯಾವುದೇ ಬಳಕೆ, ಆದಾಯ ತರುವ ಯಾವುದೇ ಬಳಕೆ, ವಾರಂಟಿ ಅವಧಿಯ ಯಾವುದೇ ಭಾಗದಲ್ಲಿ ನಡೆದರೂ, ಅಪರೂಪಕ್ಕೆ ನಡೆದರೂ, ಅದು ವಾಣಿಜ್ಯ ಬಳಕೆಯೇ. ರೆಸಾರ್ಟಿನವರು ಜಿಎಸ್‌ಟಿ ಸಂಖ್ಯೆ ಕೊಟ್ಟು ಕೊಂಡ ಎಂಜಿನ್ನು ಮೊದಲ ದಿನದಿಂದಲೇ ವಾಣಿಜ್ಯ ಗುಂಪಿನಲ್ಲಿ ನೋಂದಣಿಯಾಗಿರುವ ಸಂಭವ ಹೆಚ್ಚು. ಹಾಗಿದ್ದರೆ, ಮತ್ತು ಅವಧಿ ಒಂದು ವರ್ಷವಾಗಿದ್ದರೆ, ಇಪ್ಪತ್ತು ತಿಂಗಳ ಎಂಜಿನ್ನಿನ ವಾರಂಟಿ ಮುಗಿದು ಎಂಟು ತಿಂಗಳಾಗಿದೆ. ಅದನ್ನು ವರ್ಗಾಯಿಸುವ ಮಾತೇ ಏಳುವುದಿಲ್ಲ.

ಒಂದು ವೇಳೆ ಅದು ವಿಹಾರದ ಗುಂಪಿನಲ್ಲಿ ನೋಂದಣಿಯಾಗಿದೆ ಎಂದೇ ಇಟ್ಟುಕೊಳ್ಳಿ. ಆಗ ಪ್ರಶ್ನೆ ನಿಮ್ಮತ್ತ ತಿರುಗುತ್ತದೆ. ನೀವು ಹೋಂಸ್ಟೇ ನಡೆಸುತ್ತೀರಿ. ಅತಿಥಿಯಿಂದ ದೋಣಿಗೆಂದು ಪ್ರತ್ಯೇಕ ಹಣ ಪಡೆಯದಿದ್ದರೂ ಕೋಣೆಯ ಬಾಡಿಗೆಯಲ್ಲಿ ಅದು ಸೇರಿಯೇ ಇರುತ್ತದೆ. ಹಾಗಾದ ಮೇಲೆ ನಿಮ್ಮ ಬಳಕೆಯೂ ವಾಣಿಜ್ಯವೇ. ವಿಹಾರದ ಗ್ರಾಹಕನಿಂದ ವಾಣಿಜ್ಯ ಗ್ರಾಹಕನಿಗೆ ಉಳಿದ ಅವಧಿ ವರ್ಗವಾಗುವುದಿಲ್ಲ ಎಂಬ ಷರತ್ತು ಇರುವ ಪುಸ್ತಿಕೆಗಳನ್ನು ನಾನು ಓದಿದ್ದೇನೆ. ವರ್ಗಾವಣೆಯ ಅರ್ಜಿಯಲ್ಲಿ ‘ಸ್ವಂತ ಬಳಕೆ’ ಎಂದು ಬರೆದು ಬಿಡಿ, ಯಾರು ನೋಡುತ್ತಾರೆ ಎಂದು ಸಲಹೆ ಕೊಡುವವರು ನಿಮಗೆ ಖಂಡಿತ ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೊಡ್ಡ ರಿಪೇರಿಯ ಕ್ಲೇಮು ಬಂದಾಗ ಕಂಪನಿಯ ಪರಿವೀಕ್ಷಕರು ಮೊದಲು ನೋಡುವುದು ಎಂಜಿನ್ ಓಡಿದ ಗಂಟೆಗಳನ್ನು. ಎರಡನೆಯದಾಗಿ ನೋಡುವುದು ನಿಮ್ಮ ಹೋಂಸ್ಟೇಯ ಜಾಹೀರಾತನ್ನು. ಅದರಲ್ಲಿ ಸೂರ್ಯಾಸ್ತದ ಹೊತ್ತಿನ ದೋಣಿ ವಿಹಾರದ ಚಿತ್ರವಿರುತ್ತದೆ. ಸುಳ್ಳು ನೋಂದಣಿಯೊಂದೇ ವಾರಂಟಿಯನ್ನು ಪೂರ್ತಿ ರದ್ದು ಮಾಡಲು ಕಾರಣವಾಗಬಲ್ಲದು. ನಿಜವಾದ ಬಳಕೆಯನ್ನು ಬರೆದು, ಅದಕ್ಕೆ ಸಿಗುವಷ್ಟನ್ನೇ ಪಡೆದುಕೊಳ್ಳುವುದು ಲೇಸು.

ಇಷ್ಟನ್ನೂ ಊಹೆಯ ಮೇಲೆ ಬಿಡಬೇಕಾಗಿಲ್ಲ. ಪ್ರತಿಯೊಂದು ಎಂಜಿನ್ನಿಗೂ ಒಂದು ಸರಣಿ ಸಂಖ್ಯೆ ಇದೆ. ಎಂಜಿನ್ನನ್ನು ದೋಣಿಗೆ ಬಿಗಿಯುವ ಹಿಡಿಕೆಯ ಮೇಲೆ ಅಂಟಿಸಿದ ಫಲಕದಲ್ಲಿ ಅದು ಕಾಣುತ್ತದೆ. ಆ ಸಂಖ್ಯೆಯನ್ನು ಅಧಿಕೃತ ಡೀಲರಿಗೆ ಕೊಟ್ಟರೆ ಕಂಪನಿಯ ಕಂಪ್ಯೂಟರಿನಲ್ಲಿ ನಾಲ್ಕು ವಿಷಯ ತಿಳಿಯುತ್ತದೆ: ಎಂಜಿನ್ ಯಾರ ಹೆಸರಿನಲ್ಲಿದೆ, ಯಾವ ಗುಂಪಿನಲ್ಲಿದೆ, ಅವಧಿ ಎಂದು ಶುರುವಾಗಿ ಎಂದು ಮುಗಿಯುತ್ತದೆ, ಈವರೆಗೆ ಯಾವ ಯಾವ ಕ್ಲೇಮು ಆಗಿದೆ. ಡೀಲರ್ ಅಪರಿಚಿತರಿಗೆ ಇದನ್ನು ಕೊಡಲು ಹಿಂಜರಿಯಬಹುದು. ಬಿಲ್ಲಿನ ಹೆಸರಿನವರು, ಅಂದರೆ ಭಾವನವರು, ಒಂದು ಸಾಲಿನ ಒಪ್ಪಿಗೆ ಪತ್ರ ಕೊಟ್ಟರೆ ಆ ಹಿಂಜರಿಕೆ ಹೋಗುತ್ತದೆ. ಆ ವಿವರವನ್ನು ಮುದ್ರಿಸಿ ಡೀಲರ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಇಡೀ ವ್ಯವಹಾರದಲ್ಲಿ ಈ ಒಂದು ಹಾಳೆಗಿಂತ ಹೆಚ್ಚು ಬೆಲೆಯ ಕಾಗದ ಬೇರೊಂದಿಲ್ಲ. ಇದನ್ನು ಕೊಡಲು ಮಾರುವವರು ಒಪ್ಪದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ.

ಭಾವನವರ ಪತ್ರ ಮತ್ತೊಂದು ಕಾರಣಕ್ಕೂ ಬೇಕು. ನಿಮಗೆ ಮಾರುತ್ತಿರುವವರು ನೋಂದಾಯಿತ ಮಾಲೀಕರಲ್ಲ. ರೆಸಾರ್ಟಿನಿಂದ ಇವರಿಗೆ, ಇವರಿಂದ ನಿಮಗೆ ಎಂದು ಎರಡು ಕೈ ಬದಲಾವಣೆ ಆಗುತ್ತಿದೆ. ಮೊದಲನೆಯದನ್ನು ಕಂಪನಿಗೆ ತಿಳಿಸದೆ ಎರಡನೆಯದನ್ನು ದಾಖಲಿಸಲು ಹೊರಟರೆ ಸರಪಳಿ ನಡುವೆಯೇ ತುಂಡಾಗುತ್ತದೆ. ರೆಸಾರ್ಟಿನವರೇ ನೇರವಾಗಿ ನಿಮ್ಮ ಹೆಸರಿಗೆ ಮಾರಾಟ ಬಿಲ್ಲು ಕೊಡುವುದು ಸರಿಯಾದ ದಾರಿ. ಬ್ಯಾಂಕಿನ ಸಾಲದ ಮೇಲೆ ಕೊಂಡ ದೋಣಿಯೇ ಎಂಬುದನ್ನೂ ಆಗಲೇ ಕೇಳಿ. ಸಾಲ ತೀರದೆ ಜಪ್ತಿಯಾದ, ಹರಾಜಿನಲ್ಲಿ ಬಂದ, ಅಪಘಾತದ ನಂತರ ವಿಮಾ ಕಂಪನಿಯಿಂದ ಕೈಬದಲಾದ ಎಂಜಿನ್ನಿಗೆ ಮರ್ಕ್ಯುರಿಯ ಷರತ್ತಿನಂತೆ ವಾರಂಟಿ ಅಲ್ಲಿಗೇ ಕೊನೆಗೊಳ್ಳುತ್ತದೆ.

ಫಲಕದ ಸಂಖ್ಯೆಯನ್ನು ನೀವೇ ಕಣ್ಣಾರೆ ನೋಡಿ ಬಿಲ್ಲಿನ ಸಂಖ್ಯೆಯೊಂದಿಗೆ ತಾಳೆ ಹಾಕಿ. ಮೊಬೈಲಿನಲ್ಲಿ ಕಳುಹಿಸಿದ ಚಿತ್ರವನ್ನು ನಂಬಬೇಡಿ. ಫಲಕ ಕಿತ್ತುಹೋಗಿದೆ, ಉಪ್ಪುನೀರಿಗೆ ಅಳಿಸಿಹೋಗಿದೆ ಎಂದರೆ ವಾರಂಟಿಯ ಆಸೆ ಬಿಡಿ. ದೋಣಿ ಹೊರದೇಶದಲ್ಲಿ ಕಟ್ಟಿದ್ದಾದರೆ ಅದರ ಒಡಲಿಗೂ ಗುರುತಿನ ಸಂಖ್ಯೆ ಇರುತ್ತದೆ. ಹಿಂಬದಿಯ ಹಲಗೆಯ ಬಲಮೂಲೆಯಲ್ಲಿ ಹುಡುಕಿ. ಅಮೆರಿಕದ ಪದ್ಧತಿಯಲ್ಲಿ ಅದು ಹನ್ನೆರಡು ಅಕ್ಷರಾಂಕಿಗಳದು, ಅಂತರರಾಷ್ಟ್ರೀಯ ಮಾನಕದಲ್ಲಿ ಹದಿನಾಲ್ಕರದು, ಕೊನೆಯ ಎರಡು ಅಂಕಿಗಳು ಮಾದರಿಯ ವರ್ಷ. ಎಂಜಿನ್ನು ನಮ್ಮ ದೇಶದ ಅಧಿಕೃತ ಡೀಲರ ಮೂಲಕ ಬಂದದ್ದೇ, ಅಥವಾ ಯಾರೋ ಹೊರಗಿನಿಂದ ತರಿಸಿದ್ದೇ ಎಂಬುದೂ ಮುಖ್ಯ. ಒಂದು ದೇಶದಲ್ಲಿ ಮಾರಿದ ಎಂಜಿನ್ನಿನ ವಾರಂಟಿಯನ್ನು ಇನ್ನೊಂದು ದೇಶದ ಡೀಲರ್ ಮಾನ್ಯ ಮಾಡಬೇಕೆಂದಿಲ್ಲ.

ಇಷ್ಟೆಲ್ಲ ಸರಿಯಿದ್ದು ವರ್ಗಾವಣೆಗೆ ಅವಕಾಶವಿದ್ದರೆ ಆಗ ದಿನಗಳ ಲೆಕ್ಕ ಶುರುವಾಗುತ್ತದೆ. ಮಾರಾಟದ ದಿನದಿಂದ ಇಂತಿಷ್ಟು ದಿನಗಳೊಳಗೆ ಅರ್ಜಿ, ಮಾರಾಟ ಬಿಲ್ಲಿನ ಪ್ರತಿ, ಹಳೆಯ ನೋಂದಣಿ ಕಾರ್ಡು ತಲುಪಬೇಕು ಎಂದು ಪುಸ್ತಿಕೆಯಲ್ಲಿ ಬರೆದಿರುತ್ತದೆ. ಮೂವತ್ತು ದಿನ ಎಂಬುದು ಸಾಮಾನ್ಯ. ಕೆಲವರು ಶುಲ್ಕ ಕೇಳುತ್ತಾರೆ, ಕೆಲವರು ಅಧಿಕೃತ ಡೀಲರಿಂದ ತಪಾಸಣೆ ಆಗಲೇಬೇಕು ಎನ್ನುತ್ತಾರೆ. ನಾನು ಬಹಳ ವರ್ಷ ಕರಾವಳಿಯಲ್ಲಿ ಔಟ್‌ಬೋರ್ಡ್ ಎಂಜಿನ್ನುಗಳ ದುರಸ್ತಿ ಮಾಡಿದವನು. ಮೈಸೂರಿಗೆ ಬಂದ ಹೊಸತರಲ್ಲಿ ನನಗಾಗಿಯೇ ಒಂದು ಸಣ್ಣ ದೋಣಿ ಕೊಂಡೆ. ಎಂಜಿನ್ನಿಗೆ ಹನ್ನೊಂದು ತಿಂಗಳ ವಾರಂಟಿ ಉಳಿದಿತ್ತು. ಮಾರಿದವರು ಅರ್ಜಿಗೆ ಸಹಿ ಹಾಕಿ, ತಾವೇ ಕಂಪನಿಗೆ ಕಳುಹಿಸುವುದಾಗಿ ಹೇಳಿದರು. ನಾನು ಅವರ ಕೈಗೇ ಬಿಟ್ಟೆ. ಐದು ತಿಂಗಳ ನಂತರ ಗೇರುಪೆಟ್ಟಿಗೆಯ ಬೇರಿಂಗ್ ಒಡೆಯಿತು. ಕಂಪನಿಯ ದಾಖಲೆಯಲ್ಲಿ ಎಂಜಿನ್ನು ಇನ್ನೂ ಹಳಬರ ಹೆಸರಿನಲ್ಲೇ ಇತ್ತು, ಅರ್ಜಿ ತಲುಪಿಯೇ ಇರಲಿಲ್ಲ. ಭಾಗ ದೋಷಪೂರಿತ ಎಂದು ಡೀಲರೇ ಒಪ್ಪಿಕೊಂಡರೂ ರಿಪೇರಿಯ ಪೂರ್ತಿ ಹಣ ನನ್ನ ಕೈಯಿಂದಲೇ ಹೋಯಿತು. ಆ ನೋವು ನೆನಪಿರುವುದರಿಂದಲೇ ಹೇಳುತ್ತೇನೆ: ಅರ್ಜಿಯನ್ನು ನೀವೇ ಡೀಲರ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ದಾಖಲೆಯಲ್ಲಿ ನಿಮ್ಮ ಹೆಸರು ಬಂದ ಮೇಲೆ ಇನ್ನೊಂದು ಮುದ್ರಿತ ಹಾಳೆ ಕೇಳಿ. ಹೆಸರು ಬದಲಾಯಿತೆಂದು ಅವಧಿ ಹೊಸದಾಗಿ ಶುರುವಾಗುವುದಿಲ್ಲ. ಮೊದಲ ಮಾರಾಟದ ದಿನದಿಂದಲೇ ಗಡಿಯಾರ ಓಡುತ್ತಿರುತ್ತದೆ.

ಕಾಗದ ಸರಿಯಿದ್ದರೂ ಎಂಜಿನ್ನಿನ ಮೈಯಲ್ಲಿ ವಾರಂಟಿಯನ್ನು ಕೊಲ್ಲುವ ಸಂಗತಿಗಳು ಇರಬಹುದು. ನಾಲ್ಕು ಸ್ಟ್ರೋಕಿನ ಔಟ್‌ಬೋರ್ಡ್ ಎಂಜಿನ್ನಿಗೆ ಮೊದಲ ಸರ್ವಿಸ್ ಸಾಮಾನ್ಯವಾಗಿ ಇಪ್ಪತ್ತು ಗಂಟೆಗೆ, ಆಮೇಲೆ ನೂರು ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ. ಬಿಲ್ಲುಗಳನ್ನು ಕೇಳಿ. ಇಂಧನ ಇಂಜೆಕ್ಷನ್ ಇರುವ ಎಂಜಿನ್ನಾದರೆ ಡೀಲರ್ ತನ್ನ ಕಂಪ್ಯೂಟರ್ ಜೋಡಿಸಿ ಓಡಿದ ಗಂಟೆಗಳನ್ನೂ ಹಿಂದಿನ ದೋಷಸೂಚನೆಗಳನ್ನೂ ತೆಗೆದುಕೊಡಬಲ್ಲರು. ‘ವಾರಕ್ಕೊಮ್ಮೆ ಓಡಿಸಿದ್ದು’ ಎಂದು ಹೇಳಿದ ಎಂಜಿನ್ನು ಎಂಟುನೂರು ಗಂಟೆ ತೋರಿಸಿದರೆ ಅದು ಏನು ಕೆಲಸ ಮಾಡಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಗೇರ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ಮುಳುಗಿ ಮೇಲೆತ್ತಿದ ಎಂಜಿನ್ನು, ಬಂಡೆಗೆ ತಾಗಿದ ಪ್ರೊಪೆಲ್ಲರ್, ಸವೆದ ನೀರುಪಂಪಿನ ರಬ್ಬರು ಚಕ್ರ ಇವು ಯಾವುವೂ ತಯಾರಿಕೆಯ ದೋಷವಲ್ಲ. ವಾರಂಟಿ ಅವನ್ನು ಮುಟ್ಟುವುದಿಲ್ಲ. ನಮ್ಮ ಹಿನ್ನೀರಿನಲ್ಲಿ ಈ ಬಂಡೆಯ ಮಾತು ಸಣ್ಣದಲ್ಲ. ಜಲಾಶಯ 124.80 ಅಡಿ ತುಂಬಿದ್ದಾಗ ಎಲ್ಲವೂ ಸಮತಟ್ಟು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಹೊಲದ ಬದುಗಳು, ಮರದ ಬುಡಗಳು ಗೇಣುದ್ದ ನೀರಿನಡಿ ಕಾದಿರುತ್ತವೆ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಮೇಲಕ್ಕೆ ಸ್ಥಳಾಂತರಿಸುವ ಮೊದಲು ನೀರು ತೀರ ಇಳಿದ ವರ್ಷಗಳಲ್ಲಿ ಇಡೀ ಗುಡಿಯೇ ಕಣ್ಣಿಗೆ ಬೀಳುತ್ತಿತ್ತು.

ಉಪ್ಪುನೀರಿನ ದೋಣಿ ಸಿಹಿನೀರಿಗೆ ಬರುವಾಗ ಎರಡು ವಿಷಯ ಗಮನಿಸಬೇಕು, ಇವನ್ನು ಕರಾವಳಿಯ ಮಾರಾಟಗಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಎಂಜಿನ್ನಿನ ಅಡಿಭಾಗದಲ್ಲಿ ತಾನು ಕರಗಿ ಉಳಿದ ಲೋಹವನ್ನು ಕಾಯುವ ಒಂದು ತುಂಡು ಇರುತ್ತದೆ, ಆನೋಡ್ ಎನ್ನುತ್ತಾರೆ. ಸಮುದ್ರಕ್ಕೆಂದು ಹಾಕಿದ ಸತುವಿನ ಆನೋಡ್ ಸಿಹಿನೀರಿನಲ್ಲಿ ಮೇಲ್ಮೈ ಗಟ್ಟಿಯಾಗಿ ಕೆಲಸ ನಿಲ್ಲಿಸುತ್ತದೆ. ಇಲ್ಲಿಗೆ ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಬೇಕು. ಎರಡನೆಯದು ಫೈಬರಿನ ಗುಳ್ಳೆ. ಒಡಲಿನ ಹೊರಪದರದ ಮೂಲಕ ನೀರು ನಿಧಾನವಾಗಿ ಒಳಸೇರಿ, ಅಲ್ಲಿರುವ ಕರಗುವ ವಸ್ತುಗಳೊಂದಿಗೆ ಬೆರೆತು, ಒತ್ತಡವಾಗಿ ಗುಳ್ಳೆ ಏಳಿಸುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಹೆಚ್ಚು ಬೇಗ ಒಳನುಗ್ಗುತ್ತದೆ. ಕರಾವಳಿಯಲ್ಲಿ ದಿನವೂ ಮರಳಿಗೆ ಎಳೆದಿಟ್ಟ ದೋಣಿಯನ್ನು ನೀವು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕಟ್ಟಿಹಾಕಿದರೆ ಮೊದಲ ಮಳೆಗಾಲ ಕಳೆಯುವುದರೊಳಗೆ ಗುಳ್ಳೆ ಕಾಣಬಹುದು. ಒಡಲಿಗೆ ವಾರಂಟಿ ಇದ್ದರೂ ಗುಳ್ಳೆಗೆ ಅನೇಕರು ಬೇರೆ ಷರತ್ತು ಇಟ್ಟಿರುತ್ತಾರೆ. ಕೊಳ್ಳುವ ದಿನ ಸಣ್ಣ ಸುತ್ತಿಗೆಯ ಹಿಡಿಯಿಂದ ಒಡಲನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿಯಾದ ಕಡೆ ಟಣ್ ಎನ್ನುತ್ತದೆ, ಪದರ ಬಿಟ್ಟ ಕಡೆ ಬೊದ್ದು ಸದ್ದು. ಎಂಜಿನ್ ಕೂತಿರುವ ಹಿಂಬದಿಯ ಹಲಗೆಯನ್ನು ಎರಡು ಬಾರಿ ತಟ್ಟಿ. ಅದರೊಳಗೆ ಮರವಿದ್ದು ಕೊಳೆತಿದ್ದರೆ ದೋಣಿಯೇ ಬೇಡ.

ಇನ್ನು ಪೆಟ್ರೋಲು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಔಟ್‌ಬೋರ್ಡ್ ಎಂಜಿನ್ನುಗಳ ಕೈಪಿಡಿಗಳಲ್ಲಿ ಎಥೆನಾಲ್ ಶೇ 10ಕ್ಕಿಂತ ಹೆಚ್ಚಿರಬಾರದು ಎಂಬ ಮಿತಿ ಸಾಮಾನ್ಯ. ನಮ್ಮ ಬಂಕುಗಳಲ್ಲಿ ಈಗ ಸಿಗುತ್ತಿರುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ತೇವ ಹೆಚ್ಚಾದಾಗ ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಧನದ ಕೊಳವೆ ತೆಗೆದುಕೊಳ್ಳುವುದು ಆ ತಳದಿಂದಲೇ. ಸದಾ ನೀರಿನ ಮೇಲೆ ಇರುವ, ವಾರಗಟ್ಟಲೆ ಓಡದೆ ನಿಲ್ಲುವ ದೋಣಿಗೆ ಕಾರಿಗಿಂತ ಇದರ ಅಪಾಯ ಹೆಚ್ಚು. ಮಂಡ್ಯದ ರೈತರ ಕಬ್ಬಿಗೆ ಎಥೆನಾಲ್ ಬೇಡಿಕೆ ತಂದಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ; ಆದರೆ ನಿಮ್ಮ ಎಂಜಿನ್ನಿನ ಕೈಪಿಡಿ ಎಷ್ಟು ಒಪ್ಪುತ್ತದೆ ಎಂಬುದನ್ನು ಓದದೆ ಕೊಳ್ಳಬೇಡಿ. ಇಂಧನದಿಂದಾದ ಹಾನಿಯನ್ನು ವಾರಂಟಿಯಿಂದ ಹೊರಗಿಡುವ ಸಾಲು ಅಲ್ಲಿ ಇದ್ದೇ ಇರುತ್ತದೆ. ಈ ಮಾದರಿಗೆ ಇಲ್ಲಿ ಯಾವ ಪೆಟ್ರೋಲು ಹಾಕಬೇಕು ಎಂದು ಡೀಲರಿಂದ ಬರಹದಲ್ಲಿಯೇ ಕೇಳಿ.

ಕಂಪನಿ ನಿರಾಕರಿಸಿದರೆ ಕಾನೂನಿನ ದಾರಿ ಇಲ್ಲವೇ? ಇದೆ, ಆದರೆ ಅದರ ಅಗಲ ಎಷ್ಟೆಂದು ತಿಳಿದಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ಮಾಡಿಕೊಳ್ಳಲೆಂದೇ ಕೊಂಡಿದ್ದರೆ ಅದು ವಾಣಿಜ್ಯ ಉದ್ದೇಶವಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ವಿವರಿಸಿದೆ. ಮನೆಯವರೇ ನಡೆಸುವ ನಾಲ್ಕು ಕೋಣೆಗಳ ಹೋಂಸ್ಟೇಗೆ ಈ ವಿನಾಯಿತಿಯ ಅಡಿ ವಾದಿಸಲು ಅವಕಾಶವಿದೆ. ಹೀಗೆ ಕಂಪನಿಯ ಪುಸ್ತಿಕೆಯಲ್ಲಿ ವಾಣಿಜ್ಯ ಎನಿಸಿಕೊಂಡ ಬಳಕೆ ಕಾಯ್ದೆಯ ಕಣ್ಣಿನಲ್ಲಿ ಬೇರೆಯಾಗಿರಬಹುದು; ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವಿದೆಯಲ್ಲ, ಅದರಡಿ ಕೇಳಬಹುದು ಎಂದು ಕೆಲವರು ಹೇಳುತ್ತಾರೆ. ಅದರಲ್ಲಿ ಹಾನಿ ಎಂಬುದರ ವ್ಯಾಖ್ಯೆಯಿಂದ ಆ ಉತ್ಪನ್ನಕ್ಕೇ ಆದ ಹಾನಿಯನ್ನು ಹೊರಗಿಟ್ಟಿದ್ದಾರೆ. ದೋಷದ ಎಂಜಿನ್ನಿನಿಂದ ಮನುಷ್ಯರಿಗೆ ಗಾಯವಾದರೆ ಆ ದಾರಿ. ಎಂಜಿನ್ನೇ ಕೆಟ್ಟರೆ ಅಲ್ಲ.

ನಿಮಗೆ ಮಾರುವವರ ವಿರುದ್ಧದ ಮಾತು ಬೇರೆ. ಸರಕು ಮಾರಾಟ ಕಾಯ್ದೆಯಲ್ಲಿ ಕೊಳ್ಳುವವನೇ ಪರೀಕ್ಷಿಸಿಕೊಳ್ಳಬೇಕು ಎಂಬುದು ಸಾಮಾನ್ಯ ನಿಯಮ. 1872ರ ಕರಾರು ಕಾಯ್ದೆಯ 17ನೆಯ ಕಲಮಿನಂತೆ ಬರಿಯ ಮೌನ ಸಾಮಾನ್ಯವಾಗಿ ವಂಚನೆಯಾಗುವುದಿಲ್ಲ. ಗೊತ್ತಿದ್ದೂ ಸುಳ್ಳು ಹೇಳಿದರೆ, ದೋಷವನ್ನು ಬೇಕೆಂದೇ ಮರೆಮಾಚಿದರೆ ಅದು ವಂಚನೆ. ಹಾಗಾಗಿ ಮಾರುವವರು ಸುಮ್ಮನಿರಲು ಅವಕಾಶ ಕೊಡಬೇಡಿ. ಎಂಜಿನ್ ಎಂದಾದರೂ ಮುಳುಗಿತ್ತೇ, ಬಾಡಿಗೆಗೆ ಓಡಿದೆಯೇ, ವಾರಂಟಿ ಕ್ಲೇಮು ನಿರಾಕರಣೆಯಾಗಿದೆಯೇ, ಸರ್ವಿಸ್ ತಪ್ಪಿದೆಯೇ ಎಂಬ ಪ್ರಶ್ನೆಗಳನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳುಹಿಸಿ, ಅಲ್ಲಿಯೇ ಉತ್ತರ ಪಡೆಯಿರಿ. ಫೋನಿನಲ್ಲಿ ಹೇಳಿದ್ದನ್ನು ಮರೆಯುವುದು ಸುಲಭ.

ಗ್ರಾಹಕ ಆಯೋಗಕ್ಕೆ ಹೋಗಬೇಕಾಗಿ ಬಂದರೆ ಉಡುಪಿಗೋ ಕಂಪನಿಯ ಊರಿಗೋ ಅಲೆಯಬೇಕಾಗಿಲ್ಲ. 2019ರ ಕಾಯ್ದೆಯ ಪ್ರಕಾರ ದೂರುದಾರ ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು, ನಿಮಗೆ ಅದು ಮೈಸೂರು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು; 5 ಲಕ್ಷದವರೆಗೆ ಶುಲ್ಕವಿಲ್ಲ; ದೂರಿನ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಹೋಗಬೇಕು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ.

ವಾರಂಟಿಗೆ ನೇರವಾಗಿ ಸೇರದಿದ್ದರೂ ಎರಡು ಮಾತು ಹೇಳದೆ ಇರಲಾರೆ. ಯಂತ್ರದ ದೋಣಿಯನ್ನು ಒಳನಾಡಿನ ನೀರಿನಲ್ಲಿ ಓಡಿಸಲು 2021ರ ಒಳನಾಡು ಹಡಗುಗಳ ಕಾಯ್ದೆಯಡಿ ನೋಂದಣಿಯೂ ತಪಾಸಣಾ ಪ್ರಮಾಣಪತ್ರವೂ ಬೇಕು. ಜಲಾಶಯ ಕಾವೇರಿ ನೀರಾವರಿ ನಿಗಮದ ಉಸ್ತುವಾರಿಯಲ್ಲಿದೆ, ಅವರ ಅನುಮತಿ ಇಲ್ಲದೆ ಅತಿಥಿಗಳನ್ನು ಕೂರಿಸಬೇಡಿ. ಅನುಮತಿ ಸಿಗುತ್ತದೆಯೇ ಎಂಬುದು ಖಚಿತವಾಗುವ ಮುನ್ನ ದೋಣಿ ಕೊಳ್ಳುವುದು ಆತುರ. ಜೀವರಕ್ಷಕ ಜಾಕೆಟ್‌ಗಳ ವಿಷಯದಲ್ಲಿ ಹಳೆಯದು, ಅಗ್ಗದ್ದು ನೋಡಲೇಬೇಡಿ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಯ ಮೇಲೆ ದೋಣಿ ತರುವಾಗ ಆದ ಪೆಟ್ಟಿಗೂ ವಾರಂಟಿ ಇಲ್ಲ, ಸಾಗಾಟದ ವಿಮೆ ಮಾಡಿಸಿ.

ಬೆಲೆಗೆ ಬರೋಣ. ವಾರಂಟಿ ಬದುಕಿದೆ ಎಂದೇ ಆದರೂ ಎಪ್ಪತ್ತು ಸಾವಿರ ಹೆಚ್ಚು. ಯಾಕೆಂದರೆ ಅದು ಕೆಟ್ಟ ಭಾಗವನ್ನೂ ಅಧಿಕೃತ ಡೀಲರ ಕೂಲಿಯನ್ನೂ ಮಾತ್ರ ಕೊಡುತ್ತದೆ. ದೋಣಿಯನ್ನು ನೀರಿನಿಂದ ಎತ್ತುವ, ಡೀಲರಲ್ಲಿಗೆ ಸಾಗಿಸುವ ಖರ್ಚು ನಿಮ್ಮದು. ದೋಣಿ ನಿಂತ ದಿನಗಳ ನಷ್ಟವೂ ನಿಮ್ಮದು. ನಿಮ್ಮ ತೋಟಕ್ಕೆ ಹತ್ತಿರದ ಅಧಿಕೃತ ಸರ್ವಿಸ್ ಕೇಂದ್ರ ಯಾವ ಊರಿನಲ್ಲಿದೆ ಎಂದು ಕೇಳಿ, ಒಂದು ಬಾರಿ ಹೋಗಿಬರುವ ಬಾಡಿಗೆಯನ್ನು ಲೆಕ್ಕ ಹಾಕಿ ನೋಡಿ. ನನ್ನ ಅಭಿಪ್ರಾಯದಲ್ಲಿ ದೋಣಿಯ ಬೆಲೆಯನ್ನು ವಾರಂಟಿ ಇಲ್ಲವೆಂದೇ ಭಾವಿಸಿ ನಿಗದಿಪಡಿಸಿ. ವಾರಂಟಿಗೆಂದು ಏನಾದರೂ ಕೊಡಲೇಬೇಕಾದರೆ ಆ ಮೊತ್ತವನ್ನು ತಡೆಹಿಡಿಯಿರಿ. ಕಂಪನಿಯ ದಾಖಲೆಯಲ್ಲಿ ನಿಮ್ಮ ಹೆಸರು, ನಿಮ್ಮ ನಿಜವಾದ ಬಳಕೆಯ ಗುಂಪು, ಉಳಿದ ಅವಧಿ ಮೂರೂ ಮುದ್ರಿತವಾಗಿ ಬಂದ ದಿನ ಕೊಡಿ. ಪ್ರಾಮಾಣಿಕ ಮಾರಾಟಗಾರರು ಇದಕ್ಕೆ ಒಪ್ಪುತ್ತಾರೆ.

ಮಾರಾಟದ ಕರಾರನ್ನು ಛಾಪಾ ಕಾಗದದ ಮೇಲೆ ಬರೆಸುವಾಗ ಈ ಸಾಲುಗಳನ್ನು ಸೇರಿಸಿಕೊಳ್ಳಬಹುದು. ಸಂಖ್ಯೆ, ದಿನಾಂಕ ತುಂಬಿ ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ:

‘ಎಂಜಿನ್ ಸರಣಿ ಸಂಖ್ಯೆ ........ ಇದರ ತಯಾರಕರ ವಾರಂಟಿ ದಿನಾಂಕ ........ರವರೆಗೆ ಜಾರಿಯಲ್ಲಿದೆ ಎಂದೂ, ಎಂಜಿನ್ ಈವರೆಗೆ ನೀರಿನಲ್ಲಿ ಮುಳುಗಿಲ್ಲವೆಂದೂ, ನಿಗದಿತ ಸರ್ವಿಸ್ ತಪ್ಪಿಲ್ಲವೆಂದೂ ಮಾರುವವರು ಘೋಷಿಸುತ್ತಾರೆ. ವರ್ಗಾವಣೆಗೆ ಬೇಕಾದ ಎಲ್ಲ ಕಾಗದಗಳಿಗೆ ಇಂದೇ ಸಹಿ ಹಾಕಿ ಕೊಳ್ಳುವವರ ಕೈಗೆ ಕೊಡುತ್ತಾರೆ. ಬೆಲೆಯಲ್ಲಿ ........ ರೂಪಾಯಿಗಳನ್ನು ಕೊಳ್ಳುವವರು ತಡೆಹಿಡಿದಿದ್ದು, ತಯಾರಕರ ದಾಖಲೆಯಲ್ಲಿ ವಾರಂಟಿ ಕೊಳ್ಳುವವರ ಹೆಸರಿಗೆ ಬದಲಾದ ಏಳು ದಿನಗಳೊಳಗೆ ಕೊಡುತ್ತಾರೆ. ಅರವತ್ತು ದಿನಗಳೊಳಗೆ ಬದಲಾಗದಿದ್ದರೆ ಈ ಮೊತ್ತ ಕೊಡಬೇಕಾಗಿಲ್ಲ.’

ಸಹಿ ಹಾಕಬೇಕಾದವರು ರೆಸಾರ್ಟಿನ ಮಾಲೀಕರು. ಭಾವನ ಪರವಾಗಿ ನಾನೇ ಹಾಕುತ್ತೇನೆ ಎಂದು ಉಡುಪಿಯವರು ಹೇಳಿದರೆ ಅಧಿಕಾರ ಪತ್ರ ತೋರಿಸಲು ಹೇಳಿ, ಅದು ಬರುವವರೆಗೆ ಕಾಯಿರಿ.